ಗಾಲಿಗೆ ಹೊಡೆದ ಕುಂಬಳಕಾಯಿ

ಡಂಗುರ ಎಲ್ಲರ ಕಿವಿಗೂ ಬಿದ್ದಿತ್ತು. ಕೇಳಿಸಲಿಲ್ಲ ಅಂತ ಆಮೇಲೆ ಯಾರೂ ಹೇಳುವಂತಿರಲಿಲ್ಲ. ತಮಟೆಯವನು ತೊರೆಕೊಪ್ಪಲಿನ ಅರಳಿಕಟ್ಟೆಯ ಹತ್ತಿರ ಒಂದು ಸಲ ಬಡಿದ, ಆಮೇಲೆ ಕಾಳಾಚಾರಿಯ ಮನೆ ಮುಂದೆ ನಿಂತು ಇನ್ನೊಂದು ಸಲ ಬಡಿದ. ಅಲ್ಲೇ ಯಾಕೆ ಅಂದರೆ ನಾಗಮಂಗಲದಿಂದ ಹಿರೋಡೆ ಮೇಲೆ ಪಟ್ಟಣಕ್ಕೆ ಹೋಗುವ ಸರ್ಕಾರದ ಗಾಡಿಗಳೆಲ್ಲ ಆ ಮನೆ ಬಾಗಿಲಲ್ಲೇ ಹಾಯಬೇಕು. ಹಿರೋಡೆ ಅಂದರೆ ಈಗ ನಾವು ಪಾಂಡವಪುರ ಅನ್ನುವ ಊರು. ಪಟ್ಟಣ ಅಂದರೆ ಶ್ರೀರಂಗಪಟ್ಟಣ. ಆ ಕಾಲಕ್ಕೆ ಈ ಸೀಮೆಯವರಿಗೆ ಬೇರೆ ಪಟ್ಟಣ ಯಾವುದಿತ್ತು? ಅದು ಇಂಗ್ಲಿಷರ ಕೈಗೆ ಬೀಳುವುದಕ್ಕೆ ಇನ್ನೂ ಒಂದು ವರ್ಷವಿತ್ತು.

ಸಾರಿದ್ದು ಇಷ್ಟು. ಓಡುವ ಸರ್ಕಾರಿ ಗಾಡಿಯ ಮೇಲಾಗಲಿ, ಹೊಳೆಯಲ್ಲಿ ಹೋಗುವ ಹರಿಗೋಲಿನ ಮೇಲಾಗಲಿ, ಕಲ್ಲು, ಕಟ್ಟಿಗೆ, ಹೆಂಟೆ, ಏನನ್ನೇ ಎಸೆದರೂ ಎಸೆದವನ ಕೈ ಕಡಿಯಲಾಗುವುದು. ಅಕ್ಕಿಹೆಬ್ಬಾಳಿನ ಹತ್ತಿರ ಯಾರೋ ಪುಂಡರು ದವಸದ ಹರಿಗೋಲಿಗೆ ಕಲ್ಲು ತೂರಿ, ಹರಿಗೋಲು ಮಗುಚಿ ಅಂಬಿಗ ಸತ್ತಿದ್ದನಂತೆ. ಅದಕ್ಕೆ ಈ ಹೊಸ ಕಟ್ಟಳೆ. ಪುಂಡರು ಸಿಕ್ಕರೋ ಇಲ್ಲವೋ, ಕಟ್ಟಳೆ ಮಾತ್ರ ಊರೂರಿಗೂ ಬಂತು.

ಕಾಳಾಚಾರಿಯ ಮನೆಯಲ್ಲಿ ಆಗ ಕೈತುಂಬ ಕೆಲಸ. ಸರ್ಕಾರ ಆರು ಗಾಡಿ ಕೇಳಿತ್ತು. ಮುದುಕ ಕಾಳಾಚಾರಿಗೆ ಕೈ ನಡುಕ ಬಂದು ಬಾಚಿ ಹಿಡಿಯುವುದನ್ನು ಬಿಟ್ಟಿದ್ದ. ಮರ ಕೆತ್ತುವುದು, ಅಚ್ಚು ಕೂರಿಸುವುದು ಎಲ್ಲ ಮಗ ನಂಜಾಚಾರಿಯದೇ. ಅಪ್ಪ ಪಕ್ಕದಲ್ಲಿ ಕೂತು ಗಾಲಿಯನ್ನು ತಿರುಗಿಸಿ ಸದ್ದು ಕೇಳಿ, ಎಲ್ಲಿ ಉಜ್ಜುತ್ತದೆ ಅಂತ ಹೇಳುತ್ತಿದ್ದ. ಮಗನ ಹೆಂಡತಿ ಅಣ್ಣಮ್ಮ, ಸಂತೆಬಾಚಹಳ್ಳಿಯಿಂದ ಬಂದವಳು, ಬೆಳಗಾದರೆ ಚಕ್ಕೆ ಗುಡಿಸಿ ಒಲೆಗೆ ಹಾಕಿ ಮನೆಮಂದಿಗೆಲ್ಲ ರಾಗಿ ಹಿಟ್ಟು ತೊಳಸುತ್ತಿದ್ದಳು. ಮಡಿಲು ಇನ್ನೂ ತುಂಬಿರಲಿಲ್ಲ. ಅದನ್ನು ಅತ್ತೆ ದೊಡ್ಡತಾಯಮ್ಮ ದಿನಕ್ಕೊಂದು ಸಲವಾದರೂ ನೆನಪು ಮಾಡದೆ ಬಿಡುತ್ತಿರಲಿಲ್ಲ, ಆದರೆ ಸೊಸೆಯ ತಟ್ಟೆಗೆ ತುಪ್ಪ ಬಡಿಸುವಾಗ ಕೈ ಬಿಗಿ ಮಾಡುತ್ತಲೂ ಇರಲಿಲ್ಲ. ಅಂಥ ಹೆಂಗಸು.

ಆ ಮನೆಗೊಂದು ಪದ್ಧತಿಯಿತ್ತು. ಬೇರೆ ಆಚಾರಿಗಳು ಹೊಸ ಗಾಡಿ ನಿಲ್ಲಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹೊಡೆಸುತ್ತಾರೆ. ಇವರ ಮನೆಯಲ್ಲಿ ಹಾಗಲ್ಲ. ಗಾಡಿ ಮೊದಲ ಸಲ ಹೊರೆ ಹೊತ್ತು ಓಡುವಾಗ ಮನೆಯ ಹಿರಿಮುತ್ತೈದೆ ಬೂದುಗುಂಬಳಕಾಯಿಗೆ ತೂತು ಕೊರೆದು, ಅರಿಸಿನ ಸುಣ್ಣ ಕಲಸಿದ ಕೆಂಪು ನೀರು ತುಂಬಿ, ಓಡುವ ಗಾಲಿಗೇ ಬೀಸಿ ಹೊಡೆಯಬೇಕು. ಕಾಯಿ ಗಾಲಿಯ ಮೇಲೆ ಸಿಡಿದು ಹೋಳಾದರೆ ಆ ಗಾಡಿ ಇನ್ನು ಮುರಿಯುವುದಿಲ್ಲ. ಒಂದೇ ಒಂದು ಸಲ, ದೊಡ್ಡತಾಯಮ್ಮ ಸೂತಕದಲ್ಲಿದ್ದಾಗ, ಇದು ತಪ್ಪಿತ್ತು. ಆ ಗಾಡಿ ಎಣ್ಣೆ ಕೊಡಗಳನ್ನು ಹೇರಿಕೊಂಡು ಮೇಲುಕೋಟೆಗೆ ಹೋಯಿತು. ಬೆಟ್ಟದ ಇಳಿಜಾರಿನಲ್ಲಿ ಅಚ್ಚು ಮುರಿದು, ಜೊತೆಗಿದ್ದ ಅವಳ ಹಿರಿಯ ಮಗ ಗಾಲಿಗೆ ಸಿಕ್ಕಿ ಸತ್ತ. ಅವತ್ತಿನಿಂದ ಅವಳಿಗೆ ಕುಂಬಳಕಾಯಿ ಅಂದರೆ ದೇವರ ಮೇಲಿನ ಹೂವಿಗಿಂತ ಹೆಚ್ಚು.

ಈ ಆರು ಗಾಡಿಗಳು ಬರಿದಾಗಿ ನಾಗಮಂಗಲಕ್ಕೆ ಹೋಗಿ, ಅಲ್ಲಿ ತೋಪಿಗೆ ತುಂಬುವ ಮದ್ದಿನ ಚೀಲ ಹೇರಿಕೊಂಡು, ಇದೇ ದಾರಿಯಲ್ಲಿ ಪಟ್ಟಣಕ್ಕೆ ಬರಬೇಕಿತ್ತು. ಮೊದಲ ಓಟದಲ್ಲಿ ಮಾಡಿದವನೇ ಜೊತೆಗಿರಬೇಕು ಅಂತ ಸರ್ಕಾರದ ಮಾತು. ಹಾಗಾಗಿ ನಂಜಾಚಾರಿಯೂ ಹೊರಟಿದ್ದ. ಅಣ್ಣಮ್ಮ ಊಟಕ್ಕೆ ಬಡಿಸುತ್ತಾ ಮಾತು ತೆಗೆದಳು.

"ಅತ್ತೆಮ್ಮ, ಈ ಸಲ ನಿಂತಿರೋ ಗಾಡಿಗೇ ನಿವಾಳ್ಸಿ ಒಡೆದ್ಬುಡಿ. ತಮಟೆಯೋನು ಹೇಳಿದ್ದು ಕೇಳಿಸ್ತಲ್ಲ."

"ನಿಂತಿರೋ ಗಾಲಿ ಮ್ಯಾಲೆ ಯಾರ ಕಣ್ಣು ಬೀಳ್ತದೆ? ಓಡೋ ಗಾಲಿಗೇ ಕಣೇ ಕಣ್ಣು ಬೀಳೋದು" ಅಂದಳು ದೊಡ್ಡತಾಯಮ್ಮ. "ಅವರು ಸಾರಿದ್ದು ಗಾಡಿ ಕೆಡಿಸೋರಿಗೆ. ನಾನು ಹೊಡೆಯೋದು ಗಾಡಿ ಉಳೀಲಿ ಅಂತ. ನನ್ನ ಮಗ ಅದ್ರ ಜೊತೇಲಿ ನಡೀತಾನೆ."

ನಂಜಾಚಾರಿ ನಕ್ಕುಬಿಟ್ಟ. ಕುಂಬಳಕಾಯಿ ಯಾವಾಗಿಂದ ಕಲ್ಲಾಯಿತು, ಅದನ್ನು ಸಾರಿಗೆ ಹಾಕೋದಲ್ಲವಾ ಅಂತ ಹೆಂಡತಿಯನ್ನು ರೇಗಿಸಿದ. ಕಾಳಾಚಾರಿಯೂ ಸರ್ಕಾರದ ಕೆಲಸ ಮಾಡಿಕೊಟ್ಟವರಿಗೆ ಸರ್ಕಾರ ಏನು ಮಾಡುತ್ತದೆ ಅಂದು ತಟ್ಟೆಯಲ್ಲೇ ಕೈ ತೊಳೆದ. ಮೂವರೂ ಒಂದಾದ ಮೇಲೆ ಅಣ್ಣಮ್ಮನ ಮಾತು ನಡೆಯಲಿಲ್ಲ. ಮಾರನೆಯ ದಿನ ಹಿತ್ತಲಿನ ಬಳ್ಳಿಯಿಂದ ಕಾಯಿ ಕಿತ್ತು ತಂದವಳೂ ಅವಳೇ.

ಗಾಡಿಗಳು ನಾಗಮಂಗಲದಲ್ಲಿ ಮದ್ದು ಹೇರಿಕೊಂಡು ಬಂದದ್ದು ಎರಡು ದಿನ ಕಳೆದು, ಬಿಸಿಲೇರಿದ ಹೊತ್ತಿಗೆ. ಮುಂದೆ ಕುದುರೆಯ ಮೇಲೆ ಜಮಾದಾರ, ಎರಡು ಕಡೆ ಸಿಪಾಯಿಗಳು, ಮೊದಲ ಗಾಡಿಯ ಪಕ್ಕದಲ್ಲಿ ನಂಜಾಚಾರಿ. ದೊಡ್ಡತಾಯಮ್ಮ ಮಡಿಯುಟ್ಟು, ಹಣೆಗೆ ಕಾಸಗಲ ಕುಂಕುಮ ಇಟ್ಟು ಜಗಲಿ ಇಳಿದಳು. ಮೊದಲ ಗಾಡಿಯ ಗಾಲಿ ಎದುರಿಗೆ ಬಂದದ್ದೇ ಎರಡು ಕೈಯಲ್ಲೂ ಎತ್ತಿ ಬೀಸಿದಳು. ಕಾಯಿ ಸರಿಯಾಗಿ ಗಾಲಿಗೇ ಬಿದ್ದು ಸಿಡಿಯಿತು. ಅವಳ ಮುಖ ಅರಳಿದ್ದನ್ನು ಅಣ್ಣಮ್ಮ ನೋಡಿದಳು.

ಊರಿನ ಎತ್ತಾಗಿದ್ದರೆ ಏನೂ ಆಗುತ್ತಿರಲಿಲ್ಲ. ಇವು ಸರ್ಕಾರದ ಎತ್ತುಗಳು, ಮೈಯಲ್ಲಿ ಕೊಬ್ಬು ತುಂಬಿದವು. ಕೆಂಪು ನೀರು ಮೈಗೆ ಎರಚಿದ್ದೇ ತಡ, ಮನೆಯ ಕಡೆಯ ಎತ್ತು ಬೆದರಿ ಕಿತ್ತುಕೊಂಡಿತು. ಗಾಡಿ ಪಕ್ಕದ ಕಾಲುವೆಗೆ ಮಗುಚಿತು. ಮದ್ದಿನ ಚೀಲಗಳು ನೀರಿಗೆ ಬಿದ್ದವು. ಒಬ್ಬ ಸಿಪಾಯಿಯ ಕಾಲು ನೊಗದ ಕೆಳಗೆ ಸಿಕ್ಕಿ ಮುರಿಯಿತು. ಜಮಾದಾರ ಕುದುರೆಯನ್ನು ತಿರುಗಿಸಿಕೊಂಡು ಬಂದು, ಯಾವನು ಎಸೆದದ್ದು ಅಂತ ಕೇಳಿದ. ದೊಡ್ಡತಾಯಮ್ಮನ ಕೈ ಮೊಣಕೈವರೆಗೂ ಕೆಂಪಾಗಿತ್ತು. ಅವಳು ಬಾಯಿ ತೆರೆಯುವುದರೊಳಗೆ ನಂಜಾಚಾರಿ ಮುಂದೆ ಬಂದಿದ್ದ.

"ನಾನೇ ಬುದ್ಧಿ. ನಮ್ಮ ಮನೆ ಪದ್ಧತಿ ಅಂತ ಹೊಡ್ದೆ."

ಅವನ ಬಟ್ಟೆಯ ಮೇಲೂ ಕೆಂಪು ನೀರು ಚೆಲ್ಲಿತ್ತು, ಹೊಡೆದದ್ದು ಯಾರು ಅಂತ ಸಿಪಾಯಿಗಳೂ ನೋಡಿರಲಿಲ್ಲ. ಕೈಗೆ ಹಗ್ಗ ಬಿತ್ತು. ಅವನನ್ನು ನಾಗಮಂಗಲದ ಬಂದೀಖಾನೆಗೆ ಕರೆದುಕೊಂಡು ಹೋದರು.

ಅಮಲ್ದಾರರು ಸುತ್ತಾಟದಲ್ಲಿದ್ದರು, ಬರುವುದು ಅಮಾವಾಸ್ಯೆ ಕಳೆದ ಮೇಲೆ. ಅಲ್ಲಿಯವರೆಗೆ ತೀರ್ಪಿಲ್ಲ. ಹೀಗಾಗಿ ಆ ಮನೆಯಲ್ಲಿ ವಾರಗಟ್ಟಲೆ ಕಾಯುವ ಕೆಲಸ ಶುರುವಾಯಿತು. ಅಣ್ಣಮ್ಮ ಹಿಟ್ಟಿನ ಮುದ್ದೆ, ಹುರುಳಿಕಾಳಿನ ಸಾರು ಕಟ್ಟಿಕೊಂಡು ನಾಗಮಂಗಲಕ್ಕೆ ನಡೆದು ಹೋಗುತ್ತಿದ್ದಳು. ಬಾಗಿಲಿನ ಕಾವಲಿನವನು ಗಂಟು ಇಸಿದುಕೊಳ್ಳುತ್ತಿದ್ದ, ಗಂಡನ ಮುಖ ತೋರಿಸುತ್ತಿರಲಿಲ್ಲ. ತಿಂದವರು ಯಾರೋ ದೇವರೇ ಬಲ್ಲ. ಮನೆಗೆ ಬಂದರೆ ಅತ್ತೆ ಮೂಲೆಯಲ್ಲಿ ಮುಸುಕು ಹಾಕಿಕೊಂಡಿರುತ್ತಿದ್ದಳು. ಅಂಬಲಿ ಕಾಸಿ ಕೊಟ್ಟರೆ ಪಕ್ಕಕ್ಕೆ ಇಡುತ್ತಿದ್ದಳು, ಅದನ್ನು ಸಂಜೆ ಕರುವಿಗೆ ಹೊಯ್ಯಬೇಕು. ಕಾಳಾಚಾರಿ ಮಗನ ಬಾಚಿ, ಉಳಿಗಳಿಗೆ ಎಣ್ಣೆ ಸವರುತ್ತಾ ಕೊಟ್ಟಿಗೆ ಬಿಟ್ಟು ಏಳುತ್ತಿರಲಿಲ್ಲ. ತುಕ್ಕು ಹಿಡಿದಿದ್ದರೆ ತಾನೇ ಎಣ್ಣೆ ಬೇಕು? ಆದರೂ ಸವರುತ್ತಿದ್ದ.

ಒಂದು ಬೆಳಿಗ್ಗೆ ಪಟೇಲ ಕರಿಯಪ್ಪ ಬಂದ. ಒಕ್ಕಲು ಮನುಷ್ಯ, ಒಳ್ಳೆಯವನೇ, ಕೆಟ್ಟ ಸುದ್ದಿ ಹೇಳುವುದಕ್ಕೂ ಮೊದಲು ಮಜ್ಜಿಗೆ ಕೇಳಿ ಕುಡಿದ. ಅಮಲ್ದಾರರು ಈ ವಾರ ಬರುತ್ತಾರೆ, ಕಟ್ಟಳೆ ಹೇಗಿದೆಯೋ ಹಾಗೇ ಮಾಡುತ್ತಾರೆ, ತಾನು ಕೇಳಿಕೊಂಡೂ ನೋಡಿದೆ ಅಂದ.

"ಬಲಗೈ ಕಣಪ್ಪ ಕಾಳಾಚಾರಿ. ಕಡಿದು ಕಾದೆಣ್ಣೆಗೆ ಅದ್ದಿ ಅವತ್ತೇ ಕಳಿಸಿಬುಡ್ತಾರಂತೆ. ಜೀವಕ್ಕೇನೂ ಮೋಸ ಇಲ್ಲ."

ಸಮಾಧಾನಕ್ಕೆ ಹೇಳಿದ ಮಾತು ಅದು. ಬಲಗೈ ಇಲ್ಲದ ಆಚಾರಿ ಯಾವ ಸೀಮೆ ಆಚಾರಿ ಅಂದುಕೊಂಡಳು ಅಣ್ಣಮ್ಮ. ಪಟೇಲ ಎದ್ದು ಹೋದ ಮೇಲೆ ಅವಳು ಮೊರದಲ್ಲಿದ್ದ ರಾಗಿಯನ್ನು ನೆಲಕ್ಕಿಟ್ಟು ನೆಟ್ಟಗೆ ಅತ್ತೆಯ ಮುಂದೆ ಹೋಗಿ ಕೂತಳು. ಅಷ್ಟು ದಿನ ನುಂಗಿಕೊಂಡಿದ್ದನ್ನು ಇನ್ನು ನುಂಗಲಾಗಲಿಲ್ಲ.

"ಹೊಡೆದ ಕೈ ಇಲ್ಲೇ ಕುಂತದೆ, ಹೊಡೀದೆ ಇರೋ ಕೈ ಕಡಿಸ್ಕತಾ ಅದೆ. ಇದು ನಿಮಗೆ ನ್ಯಾಯಾನ ಅತ್ತೆಮ್ಮ?"

ಮುದುಕಿ ಮುಸುಕು ಸರಿಸಿದಳು. ಕಣ್ಣು ಬತ್ತಿ ಹೋಗಿದ್ದವು.

"ನಾನು ಅವತ್ತೇ ಬಾಯಿ ತೆಗ್ದೆ ಕಣೇ. ನಿಮ್ಮ ಮಾವ ಹಿಂದಿಂದ ಬಂದು ಬಾಯಿ ಮುಚ್ಚಿ ಒಳಕ್ಕೆ ಎಳ್ಕಂಡು ಬಂದ. ನೀನು ಅವರ ಹಿಂದೆ ಓಡ್ತಿದ್ದೆ, ನೋಡ್ಲಿಲ್ಲ. ನನ್ನ ಕೈ ಇದ್ದು ಯಾರಿಗೆ ಏನಾಗ್ಬೇಕು? ಇವತ್ತೇ ಕರ್ಕಂಡು ಹೋಗು, ಬತ್ತೀನಿ."

ಅಣ್ಣಮ್ಮ ಕೊಟ್ಟಿಗೆಗೆ ನುಗ್ಗಿದಳು. ಮಾವನ ಎದುರು ಅವಳು ತಲೆ ಎತ್ತಿ ಮಾತಾಡಿದವಳೇ ಅಲ್ಲ, ಅವತ್ತು ಸೆರಗೂ ಹೊದ್ದಿರಲಿಲ್ಲ. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದಳು. ಕಾಳಾಚಾರಿ ಉಳಿಯನ್ನು ಪಕ್ಕಕ್ಕಿಟ್ಟ. ಕೈ ತಾನೇ ನಡುಗುತ್ತಿತ್ತು, ಅದನ್ನು ತೊಡೆಯ ಕೆಳಗೆ ಅಮುಕಿಕೊಂಡ. ಕಟ್ಟಿಕೊಂಡವಳ ಕೈ ಕಡಿಯುವುದನ್ನು ನೋಡಿಕೊಂಡು ತಾನು ಯಾವ ಬಾಯಲ್ಲಿ ಅನ್ನ ತಿನ್ನಲಿ ಅಂದ. ಅದೊಂದೇ ಅಲ್ಲ, ಅವನಿಗೆ ಇನ್ನೊಂದು ಹೆದರಿಕೆ ಇತ್ತು.

"ನಾನೇ ಅಂತ ಒಂದ್ಸಲ ಹೇಳ್ಬುಟ್ಟವ್ನೆ ಮಗಾ. ಈಗ ನೀವು ಹೋಗಿ ಅದು ಸುಳ್ಳು ಅಂದ್ರೆ, ಸರ್ಕಾರದ ಮುಂದೆ ಸುಳ್ಳು ಹೇಳಿದ್ದೂ ಅವನ ತಲೆ ಮ್ಯಾಲೇ ಬೀಳ್ತದೆ. ಇರೋದ್ರಲ್ಲೇ ಮುಗೀಲಿ ಬುಡು."

"ನಿಮ್ಮ ಕೈ ಆಗ್ಲೇ ನಡುಗ್ತದೆ, ಅವರ ಕೈಯೂ ಹೋದ್ರೆ ಈ ಕೊಟ್ಟಿಗೇಲಿ ಇನ್ನೇನದೆ ಮಾವ?"

ಮುದುಕ ಉಳಿಯನ್ನು ಮತ್ತೆ ಎತ್ತಿಕೊಂಡು ಎಣ್ಣೆ ಸವರತೊಡಗಿದ. ಅವನ ಹೆದರಿಕೆಯಲ್ಲಿ ಎಷ್ಟು ಸತ್ಯವಿತ್ತು ಅನ್ನುವುದು ಅಣ್ಣಮ್ಮನಿಗೆ ಆಗ ಹೊಳೆಯಲಿಲ್ಲ. ಗಂಡನ ಕೈ ಉಳಿಯಬೇಕು, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಅತ್ತೆಗೆ ಒತ್ತಾಯ ಮಾಡಿ ಒಂದು ಲೋಟ ಅಂಬಲಿ ಕುಡಿಸಿ, ಕೈ ಹಿಡಿದು ನಾಗಮಂಗಲದ ದಾರಿ ಹಿಡಿದಳು. ದಾರಿಯುದ್ದಕ್ಕೂ ಮುದುಕಿ ತನ್ನ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ನಡೆದಳು. ಬಳೆಗಳನ್ನು ಮನೆಯಲ್ಲೇ ಬಿಚ್ಚಿಟ್ಟು ಬಂದಿದ್ದಳು. ಗಂಡ ಬದುಕಿರುವಾಗ ಹೆಂಗಸು ಬಳೆ ಬಿಚ್ಚುವುದೆಂದರೆ ಸಣ್ಣ ಮಾತಲ್ಲ. ಅಣ್ಣಮ್ಮನಿಗೆ ಅದನ್ನು ನೋಡಿ ಅಳು ಬಂತು, ಆದರೆ ನಿಲ್ಲಲಿಲ್ಲ.

ಚಾವಡಿಯಲ್ಲಿ ಅಮಲ್ದಾರರು ದಿಂಬಿಗೆ ಒರಗಿ ಕೂತಿದ್ದರು. ಕಡುಕೆಟ್ಟ ಮನುಷ್ಯರಂತೆ ಕಾಣಲಿಲ್ಲ, ದಣಿದವರಂತೆ ಕಂಡರು. ನಂಜಾಚಾರಿಯನ್ನು ಆಗಲೇ ಕರೆತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಗಡ್ಡ ಬೆಳೆದು, ಕೆನ್ನೆ ಒಳಕ್ಕೆ ಹೋಗಿ, ಗುರುತೇ ಸಿಗುವಂತಿರಲಿಲ್ಲ. ಅವನು ಅವ್ವನನ್ನು ನೋಡಿದ್ದೇ ಬೇಡ ಬೇಡ ಅಂತ ತಲೆಯಾಡಿಸಿದ. ದೊಡ್ಡತಾಯಮ್ಮ ಅವನ ಕಡೆ ನೋಡಲೂ ಇಲ್ಲ. ಅಂಗಳದ ನಡುವೆ ನಿಂತು ಸೆರಗು ಬಿಚ್ಚಿ ಬಲಗೈಯನ್ನು ಮುಂದಕ್ಕೆ ಚಾಚಿದಳು. ಕುಂಬಳಕಾಯಿ ಹೊಡೆದದ್ದು ಈ ಕೈ ಬುದ್ಧಿ, ಇದನ್ನೇ ತಕ್ಕೊಳ್ಳಿ, ನನ್ನ ಮಗ ನನ್ನ ಮೇಲಿನ ಅಕ್ಕರೆಗೆ ಸುಳ್ಳು ಹೇಳಿದ ಅಂದಳು.

ಅಮಲ್ದಾರರು ಸಾಕ್ಷಿ ಕೇಳಿದರು. ಅಣ್ಣಮ್ಮ ತಾನು ಕಣ್ಣಾರೆ ಕಂಡದ್ದನ್ನೆಲ್ಲ ಹೇಳಿದಳು, ಮೇಲುಕೋಟೆಯ ಗಾಡಿಯ ಕಥೆಯನ್ನೂ ಹೇಳಿದಳು. ಅವರು ನಂಜಾಚಾರಿಯ ಕಡೆ ತಿರುಗಿದರು. ಆಮೇಲೆ ಕೇಳಿದರು:

"ಆ ಗಾಡಿಗಳನ್ನ ಮಾಡಿದವನು ಇವನೇನಾ?"

ಅಣ್ಣಮ್ಮನಿಗೆ ಜೀವ ಬಂದಂತಾಯಿತು. ಗಂಡನ ಕೆಲಸವನ್ನು ಹೊಗಳಿದರೆ ಕೈ ಉಳಿಯುತ್ತದೆ ಅಂದುಕೊಂಡಳು. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

"ಊ ಬುದ್ಧಿ, ಆರಕ್ಕಾರೂ ಇವರ ಕೈದೇ. ಮಗುಚ್ಕಂಡ ಗಾಡೀನೂ ನೋಡಿ ಬೇಕಾದ್ರೆ, ಒಂದು ಕಡ್ಡಿ ಅಲುಗಿಲ್ಲ. ಈ ಸೀಮೇಲೆಲ್ಲ ಇಂಥ ಗಾಲಿ ಮಾಡೋರು ಇನ್ನೊಬ್ಬರಿಲ್ಲ."

ಅಮಲ್ದಾರರು ಜಮಾದಾರನ ಮುಖ ನೋಡಿದರು. ಜಮಾದಾರ ಹೌದು, ಗಾಡಿಯನ್ನು ಎತ್ತಿ ನಿಲ್ಲಿಸಿದರೆ ಹಾಗೇ ಓಡಿತು ಅಂದ. ಆಮೇಲೆ ತೀರ್ಪಿಗೆ ಹೊತ್ತೇ ಹಿಡಿಯಲಿಲ್ಲ. ಮುದುಕಿಯ ಕೈ ಕಡಿದರೆ ಸರ್ಕಾರಕ್ಕೆ ಬರುವುದೇನೂ ಇಲ್ಲ, ಅವಳು ಮನೆಗೆ ಹೋಗಲಿ. ಸರ್ಕಾರದ ಮುಂದೆ ಸುಳ್ಳು ಹೇಳಿದವನು ಮಗ. ಯುದ್ಧ ಬಾಗಿಲಿಗೆ ಬಂದಿದೆ, ಗಾಲಿ ಮಾಡುವ ಕೈಯನ್ನು ಕಡಿಯುವುದು ದಡ್ಡತನ. ಕಾಲಿಗೆ ಸರಪಳಿ ಹಾಕಿ ಪಟ್ಟಣದ ಕಾರ್ಖಾನೆಗೆ ಸೇರಿಸುವುದು, ಮದ್ದಿನ ಗಾಡಿಗಳ ಹಿಂದೆ ನಡೆಸುವುದು.

"ಎಷ್ಟು ದಿನಕ್ಕೆ ಬುದ್ಧಿ?" ಅಂದಳು ಅಣ್ಣಮ್ಮ.

"ಗಾಡಿಗಳು ಓಡೋವರೆಗೆ."

ಅಷ್ಟು ಹೇಳಿ ಅವರು ಬೇರೆ ವ್ಯಾಜ್ಯಕ್ಕೆ ತಿರುಗಿದರು. ಸಿಪಾಯಿಗಳು ನಂಜಾಚಾರಿಯನ್ನು ಕಮ್ಮಾರನ ಹತ್ತಿರ ಕರೆದುಕೊಂಡು ಹೋಗುವಾಗ ಹೆಂಡತಿಯ ಪಕ್ಕದಲ್ಲೇ ಹಾದುಹೋಗಬೇಕಾಯಿತು. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಯಾಕಮ್ಮಿ ಬಂದೆ? ಕೈ ಒಂದು ಹೋಗಿದ್ರೆ ಹೊತ್ತು ಮುಳುಗೋ ಹೊತ್ಗೆ ಮನೇಲಿರ್ತಿದ್ದೆ."

ಮನೆಗೆ ಬಂದ ಮೇಲೆ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾವ ಒಂದು ಮಾತು ನಾನು ಹೇಳಿರಲಿಲ್ಲವಾ ಅಂದಿದ್ದರೆ ಅಣ್ಣಮ್ಮ ಅತ್ತಾದರೂ ಹಗುರಾಗುತ್ತಿದ್ದಳು. ಅವನು ಅನ್ನಲಿಲ್ಲ. ಬಾಚಿ, ಉಳಿಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ದೊಡ್ಡತಾಯಮ್ಮ ಬಿಚ್ಚಿಟ್ಟ ಬಳೆಗಳನ್ನು ಮತ್ತೆ ತೊಡಲಿಲ್ಲ, ಮಾತಾಡುವುದನ್ನೂ ನಿಲ್ಲಿಸಿದಳು. ಸೊಸೆ ಹಿಟ್ಟು ಬಡಿಸಿದರೆ ಎರಡು ತುತ್ತು ಮುರಿದು ಏಳುತ್ತಿದ್ದಳು. ಹಿತ್ತಲಿನ ಕುಂಬಳದ ಬಳ್ಳಿಯನ್ನು ಒಂದು ದಿನ ಬೇರು ಸಮೇತ ಕಿತ್ತು ತಿಪ್ಪೆಗೆ ಹಾಕಿದಳು. ಅದರಲ್ಲಿ ಇನ್ನೂ ಎಳೆ ಮಿಡಿಗಳಿದ್ದವು.

ಗಾಡಿಗಳು ಒಂದು ದಿನ ಇದ್ದಕ್ಕಿದ್ದಂತೆ ಬಂದವು. ಕೊನೆಯ ಗಾಡಿಯ ಹಿಂದೆ, ಅದರ ಅಚ್ಚಿಗೆ ಕಟ್ಟಿದ ಸರಪಳಿಯ ತುದಿಯಲ್ಲಿ, ನಂಜಾಚಾರಿ ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ನಡೆಯುತ್ತಿದ್ದ. ಅಣ್ಣಮ್ಮ ಸೆಗಣಿ ಕೈಯಲ್ಲೇ ಓಡಿ ಬಂದಳು. ಸಿಪಾಯಿಗಳು ಹತ್ತಿರ ಬಿಡಲಿಲ್ಲ, ಗಾಡಿ ನಿಲ್ಲಿಸಲೂ ಇಲ್ಲ. ಅವನು ಮನೆಯ ಕಡೆ ನೋಡಿದ, ಬಾಯಿಗೆ ಕೈ ತೋರಿಸಿದ. ಹಸಿವು ಅಂತಲೋ, ಊಟವಾಯಿತಾ ಅಂತ ಇವರನ್ನು ಕೇಳಿದ್ದೋ ತಿಳಿಯಲಿಲ್ಲ. ಅಣ್ಣಮ್ಮ ಹಸಿವು ಅಂತಲೇ ತಿಳಿದಳು.

ಆಮೇಲೆ ಅವಳು ದಿನವೂ ರೊಟ್ಟಿ ಸುಟ್ಟಳು. ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಒಗೆದ ಬಟ್ಟೆಯಲ್ಲಿ ಗಂಟು. ಗಾಡಿ ಬಾರದ ದಿನ ಸಂಜೆ ಅದನ್ನೇ ಮೂವರೂ ನೀರಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ಹತ್ತಿ ಬಿಡಿಸುವ ಕಾಲಕ್ಕೆ ಮತ್ತೆ ಗಾಡಿಗಳ ಸದ್ದು ಕೇಳಿಸಿತು. ಮೂವರೂ ಜಗಲಿ ಇಳಿದು ನಿಂತರು. ಸಿಪಾಯಿಗಳು ಆಗಲೇ ಬಂದೂಕು ಅಡ್ಡ ಹಿಡಿದು ಜನರನ್ನು ಹಿಂದಕ್ಕೆ ತಳ್ಳುತ್ತಿದ್ದರು.

ನಂಜಾಚಾರಿ ಎದುರಿಗೆ ಬಂದ. ನಡುವೆ ಇದ್ದದ್ದು ಒಂದು ಗಾಡಿಯ ಅಗಲ. ಅಣ್ಣಮ್ಮನ ಕೈ ಗಂಟಿನ ಸಮೇತ ಮೇಲೆದ್ದಿತು. ಎಸೆದರೆ ಅವನ ಎದೆಗೇ ಹೋಗಿ ಬೀಳುತ್ತಿತ್ತು, ಅವನು ಹಿಡಿದುಕೊಳ್ಳುತ್ತಿದ್ದ. ಜಮಾದಾರ ಅವಳ ಕೈಯನ್ನೇ ನೋಡುತ್ತಿದ್ದ. ನಂಜಾಚಾರಿಯೂ ನೋಡಿದ.

"ಎಸೀಬ್ಯಾಡ ಕಣಮ್ಮಿ" ಅಂದ.

ಅವಳ ಕೈ ಅಲ್ಲೇ ನಿಂತಿತು. ಕಲ್ಲಲ್ಲ, ಹೆಂಟೆಯಲ್ಲ, ರೊಟ್ಟಿ. ಆದರೆ ಆ ಮನೆಯವರಿಗೆ ಈಗ ಕಟ್ಟಳೆ ಚೆನ್ನಾಗಿ ಗೊತ್ತಿತ್ತು. ಆಗ ದೊಡ್ಡತಾಯಮ್ಮ ಸೊಸೆಯ ಕೈಯಿಂದ ಗಂಟನ್ನು ತೆಗೆದುಕೊಂಡಳು. ಎಸೆಯಲಿಲ್ಲ. ಸಿಪಾಯಿಯ ತೋಳಿನ ಕೆಳಗೆ ನುಸುಳಿ, ಎತ್ತುಗಳಿಗಿಂತ ಮುಂದಕ್ಕೆ ಓಡಿ, ಕೊನೆಯ ಗಾಡಿಯ ಮುಂದೆ ದಾರಿಯ ನಡುವೆ ಅದನ್ನು ಎರಡು ಕೈಯಲ್ಲೂ ನೆಲಕ್ಕೆ ಇಟ್ಟಳು, ದೇವರ ಮುಂದೆ ಎಡೆ ಇಡುವ ಹಾಗೆ. ಗಾಡಿ ಮೇಲಿಂದ ಹಾದು ಹೋದರೆ ಹಿಂದೆ ಬರುವವನು ಬಗ್ಗಿ ಎತ್ತಿಕೊಳ್ಳಬಹುದು. ಸಿಪಾಯಿ ಬಂದು ಮುದುಕಿಯನ್ನು ಬಂದೂಕಿನ ಹಿಡಿಯಿಂದ ಪಕ್ಕಕ್ಕೆ ನೂಕಿದ. ಅವಳ ಕಾಲು ತಗಲಿ ಗಂಟು ಗಾಲಿಯ ಜಾಡಿಗೆ ಉರುಳಿತು. ಗಾಲಿ ಅದರ ಮೇಲೆ ಹತ್ತಿ ಇಳಿಯಿತು. ನಂಜಾಚಾರಿ ಬಗ್ಗಿದ, ಸರಪಳಿ ಜಗ್ಗಿತು, ಮುಗ್ಗರಿಸಿ ಹಾಗೇ ಮುಂದಕ್ಕೆ ಹೋದ. ತಿರುಗಿ ನೋಡಿದನೋ ಇಲ್ಲವೋ, ಎದ್ದ ಧೂಳಿನಲ್ಲಿ ಕಾಣಲಿಲ್ಲ.

ಅಣ್ಣಮ್ಮ ಜಾಡಿನಲ್ಲಿ ಕೂತು ಮಣ್ಣಾದ ರೊಟ್ಟಿಯ ಚೂರುಗಳನ್ನು ಸೆರಗಿಗೆ ಆಯ್ದುಕೊಂಡಳು. ಕಾಳಾಚಾರಿ ಬಾಗಿಲಲ್ಲೇ ನಿಂತು, ಕುತ್ತಿಗೆ ಒಂದು ಕಡೆ ವಾಲಿಸಿ, ದೂರವಾಗುತ್ತಿದ್ದ ಗಾಡಿಗಳ ಸದ್ದನ್ನು ಕೇಳುತ್ತಿದ್ದ. ಹಳೆಯ ಅಭ್ಯಾಸ.

"ಎಲ್ಲೂ ಉಜ್ಜಾ ಇಲ್ಲ" ಅಂದ. "ಇನ್ನಿಪ್ಪತ್ತು ವರ್ಷ ಓಡ್ತವೆ."

ಅಣ್ಣಮ್ಮ ತಲೆ ಎತ್ತಿದಳು.

"ಅಪ್ಪ ಮಗ ಸೇರಿ ಅಷ್ಟು ಗಟ್ಟಿಯಾಗಿ ಯಾಕೆ ಮಾಡಿದ್ರಿ ಮಾವ?"